ಮೊದಲು ಬಾಟಲಿ ಹಿಂದಿನ ಚೀಟಿ ಓದಿ, ಆಮೇಲೆ ‘ಕೆಮಿಕಲ್ ಇಲ್ಲ’ ಅನ್ನಿ

ಮೊನ್ನೆ ಬೆಂಗಳೂರಲ್ಲಿ ನೆಂಟರ ಮನೆಗೆ ಹೋಗಿದ್ದೆ. ಬಾಲ್ಕನಿಯಲ್ಲಿ ಬಿಳಿ ಪೈಪು, ಪುಟ್ಟ ಪಂಪು, ಪೈಪಿನ ತೂತುಗಳಲ್ಲಿ ಲೆಮನ್ ಬಾಮ್ ಗಿಡ. ನಾಲ್ಕು ಎಲೆ ಹಾಕಿ ಚಹಾ ಕೊಟ್ಟರು. ನಿಂಬೆಯ ಘಮ, ಚೆನ್ನಾಗಿತ್ತು. ಜೊತೆಗೆ ಒಂದು ಮಾತೂ ಬಂತು: “ಇದು ನಿಮ್ಮ ಹೊಲದ್ದರ ಹಾಗಲ್ಲ, ಕೆಮಿಕಲ್ ಇಲ್ಲವೇ ಇಲ್ಲ.” ಕಿಟ್ ಮಾರಿದವನು ಹಾಗೆ ಹೇಳಿದ್ದನಂತೆ.

ಪಕ್ಕದಲ್ಲೇ ಎ, ಬಿ ಅಂತ ಎರಡು ಬಾಟಲಿ ಇದ್ದವು. ತಿರುಗಿಸಿ ಓದಿದೆ. ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್, ಮೋನೋ ಪೊಟ್ಯಾಸಿಯಂ ಫಾಸ್ಫೇಟ್, ಮೆಗ್ನೀಸಿಯಂ ಸಲ್ಫೇಟ್. ನಾವು ಟೊಮೆಟೊಗೆ ಡ್ರಿಪ್ಪಿನಲ್ಲಿ ಬಿಡೋದೂ ಇವೇ ಅಲ್ವಾ? ಗೊಬ್ಬರದ ಅಂಗಡಿಯಲ್ಲಿ 13-0-45, 0-52-34 ಅಂತ ಕೇಳಿದರೆ ಕೊಡೋದೂ ಇವನ್ನೇ. ಎರಡು ಬಾಟಲಿ ಯಾಕೆ ಗೊತ್ತಾ? ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಜೊತೆ ಸಲ್ಫೇಟ್, ಫಾಸ್ಫೇಟ್ ಸೇರಿದರೆ ಸುಣ್ಣದ ಹಾಗೆ ತಳ ಕಟ್ಟುತ್ತೆ. ಕಟ್ಟಿಕೊಂಡ ಡ್ರಿಪ್ಪರ್ ಬಿಡಿಸಿ ಬಿಡಿಸಿ ನಾವು ಕಲಿತ ಪಾಠ ಇದು.

ನನ್ನ ತಕರಾರು ಹೈಡ್ರೋಪೋನಿಕ್ಸ್ ಮೇಲಲ್ಲ. ನೀರು ಉಳಿಯುತ್ತೆ, ಮಣ್ಣಿಲ್ಲದ ಮನೆಯಲ್ಲೂ ಸೊಪ್ಪು ಬರುತ್ತೆ. ಆ ಉಪ್ಪುಗಳು ವಿಷವೂ ಅಲ್ಲ. ಕೊಟ್ಟಿಗೆ ಗೊಬ್ಬರದಿಂದ ಬಂದ ನೈಟ್ರೇಟ್ ಆಗಲಿ, ಚೀಲದಿಂದ ಬಂದದ್ದಾಗಲಿ, ಬೇರಿಗೆ ಎರಡೂ ಒಂದೇ. ಆದರೆ ಅದೇ ಉಪ್ಪು ರೈತನ ಚೀಲದಲ್ಲಿದ್ದರೆ ‘ಕೆಮಿಕಲ್’, ನಿಮ್ಮ ಬಾಟಲಿಯಲ್ಲಿದ್ದರೆ ‘ಪೋಷಕಾಂಶ’. ಇದು ಯಾವ ನ್ಯಾಯ? “ಕೀಟನಾಶಕ ಹೊಡೆದಿಲ್ಲ” ಅನ್ನಿ, ಒಪ್ಪುತ್ತೇನೆ.

ನಮ್ಮದೂ ತಪ್ಪಿದೆ. ಲೆಕ್ಕವಿಲ್ಲದೆ ಯೂರಿಯಾ ಸುರಿದು ಅಂತರ್ಜಲಕ್ಕೆ ನೈಟ್ರೇಟ್ ಇಳಿಸಿದ್ದೇವೆ. ಅದನ್ನು ಕೇಳಿ, ತಲೆ ತಗ್ಗಿಸಿ ಉತ್ತರ ಕೊಡ್ತೇವೆ. ಆದರೆ ನೀವು ಎರಡು ವಾರಕ್ಕೊಮ್ಮೆ ಬದಲಿಸೋ ಹಳೇ ನೀರು ಎಲ್ಲಿಗೆ ಹೋಗುತ್ತೆ? ಸಿಂಕಿಗೆ, ಅಲ್ಲಿಂದ ಚರಂಡಿಗೆ. ಅದನ್ನು ಹೂವಿನ ಕುಂಡಕ್ಕಾದರೂ ಹಾಕಿ.

ಇನ್ನೊಂದು ಮಾತು. ಲೆಮನ್ ಬಾಮ್ ನಮ್ಮ ಪುದೀನ, ತುಳಸಿ, ದೊಡ್ಡಪತ್ರೆಗಳ ಕುಟುಂಬದ್ದೇ. ಇದಕ್ಕೆ ಸಾವಿರಾರು ರೂಪಾಯಿ ಕಿಟ್ ಬೇಕಿಲ್ಲ. ಗೆಣ್ಣಿನ ಕೆಳಗೆ ಕತ್ತರಿಸಿದ ನಾಲ್ಕು ಇಂಚಿನ ಕುಡಿ, ಕೆಳಗಿನ ಎಲೆ ತೆಗೆದು ಲೋಟದ ನೀರಲ್ಲಿಡಿ. ಎರಡು ಮೂರು ವಾರದಲ್ಲಿ ಬೇರು ಬರುತ್ತೆ. ಆಮೇಲೆ ಬೆಳಕು ತೂರದ ಡಬ್ಬಿಗೆ ಹಾಕಿ, ಇಲ್ಲದಿದ್ದರೆ ಪಾಚಿ ಹಿಡಿಯುತ್ತೆ. ಪಿಎಚ್ 5.5ರಿಂದ 6.5 ಇರಲಿ. ಅರ್ಧ ಬೇರು ಗಾಳಿಯಲ್ಲಿರಲಿ. ಬೇಸಿಗೆಯಲ್ಲಿ ಡಬ್ಬಿ ನೆರಳಲ್ಲಿಡಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಬೇರು ಕಂದಾಗಿ ಕೊಳೆಯುತ್ತೆ. ಹೂ ಬಿಡೋ ಮುಂಚೆ ಕುಡಿ ಚಿವುಟಿದರೆ ಘಮ ಜಾಸ್ತಿ. ಆದರೂ ಒಂದು ಗಿಡ ಹೂವಿಗೆ ಬಿಡಿ. ಇದರ ಶಾಸ್ತ್ರೀಯ ಹೆಸರಿನ ‘ಮೆಲಿಸ್ಸಾ’ ಅಂದರೆ ಗ್ರೀಕ್‌ನಲ್ಲಿ ಜೇನುನೊಣ.

ಬೆಳೀರಿ, ಖಂಡಿತ ಬೆಳೀರಿ. ಒಂದು ಹಿಡಿ ಸೊಪ್ಪಿಗೆ ಎಷ್ಟು ಪಾಡು ಅಂತ ಗೊತ್ತಾಗುತ್ತೆ. ಗೊತ್ತಾದ ಮೇಲೆ ಸಂತೆಯಲ್ಲಿ ಪುದೀನ ಕಟ್ಟಿಗೆ ಚೌಕಾಸಿ ಮಾಡುವಾಗ ಸ್ವಲ್ಪ ನೆನಪಿಟ್ಟುಕೊಳ್ಳಿ.