ಕಲೆಗೆ ಬೇಕಾದುದು ಮುಲಾಮಲ್ಲ, ರಕ್ತಪರೀಕ್ಷೆ

ದೇಶಾಂತರದಿಂದ ದತ್ತು ಬಂದ ಮಗುವಿನ ಪೃಷ್ಠದಲ್ಲೋ ತೊಡೆಯಲ್ಲೋ ಗುಳಿಬಿದ್ದ ಕಲೆಗಳು ಕಂಡರೆ ನಮ್ಮವರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ಬೆಳೆದಂತೆ ಮಾಸುತ್ತದೆ ಬಿಡಿ" ಎಂಬುದೊಂದು. "ಯಾರೋ ಸುಟ್ಟಿರಬೇಕು" ಎಂಬ ಪಿಸುಮಾತು ಇನ್ನೊಂದು. ಅವು ಸೂಜಿಯ ಗುರುತುಗಳಾಗಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಅಶುದ್ಧ ಸೂಜಿ ಚುಚ್ಚಿದೆಡೆ ಕೀವುಗಟ್ಟಿ, ಕುರು ಒಡೆದು ಮಾಗಿದ ಮೇಲೆ ಕಲೆ ಉಳಿಯುತ್ತದೆ. ಕ್ಷಯದ ರೋಗಾಣುವಿನ ಬಳಗಕ್ಕೆ ಸೇರಿದ ಕೆಲವು ಸೂಕ್ಷ್ಮಾಣುಗಳು ಹೊಕ್ಕರೆ ವಾರಗಳ ತರುವಾಯ ಗಂಟು ಏಳುತ್ತದೆ. ಅದು ಸಾಮಾನ್ಯ ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ಸ್ಟೀರಾಯ್ಡ್ ಚುಚ್ಚಿದಲ್ಲಿ ಕೊಬ್ಬು ಕರಗಿ ಚರ್ಮ ಕುಳಿಬೀಳುವುದುಂಟು. ತೊಡೆಗೆ ಪದೇಪದೇ ಚುಚ್ಚಿದರೆ ಸ್ನಾಯು ನಾರುಗಟ್ಟಿ ಮಂಡಿ ಮಡಿಸುವುದೇ ಕಷ್ಟವಾಗುತ್ತದೆ. (ಎಡತೋಳಿನ ಮೇಲ್ಭಾಗದ ಒಂಟಿ ಕಲೆ ಸಾಮಾನ್ಯವಾಗಿ ಬಿ.ಸಿ.ಜಿ. ಲಸಿಕೆಯದು, ಅದಕ್ಕೆ ಗಾಬರಿ ಬೇಡ.)

ಆದರೆ ಚರ್ಮವನ್ನು ಕೆಡಿಸಿದ ಸೂಜಿ ರಕ್ತವನ್ನು ಬಿಟ್ಟೀತೆ? ಚೌಸೆಸ್ಕು ಆಳ್ವಿಕೆಯ ರುಮೇನಿಯಾದ ಅನಾಥಾಲಯಗಳಲ್ಲಿ ಕೃಶ ಮಕ್ಕಳಿಗೆ ಪುಷ್ಟಿ ಬರಲೆಂದು ವಯಸ್ಕರ ರಕ್ತವನ್ನು ತುಸುತುಸುವಾಗಿ ಕೊಡುತ್ತಿದ್ದರು. ಸೂಜಿ, ಸಿರಿಂಜುಗಳ ಮರುಬಳಕೆಯೂ ನಡೆದಿತ್ತು. 1990ರ ಕೊನೆಗೆ ಆ ದೇಶದಲ್ಲಿ ದಾಖಲಾಗಿದ್ದ ಏಡ್ಸ್ ಪ್ರಕರಣಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಮಕ್ಕಳವು. ಅಲ್ಲಿಂದ ಅಮೆರಿಕೆಗೆ ದತ್ತು ಬಂದ ಎಷ್ಟೋ ಮಕ್ಕಳ ರಕ್ತದಲ್ಲಿ ಹೆಪಟೈಟಿಸ್ ಬಿ ಸೋಂಕಿನ ಕುರುಹು ಸಿಕ್ಕಿತು.

"ಅದು ರುಮೇನಿಯಾದ ಕಥೆ" ಎನ್ನುವವರಿಗೆ ನನ್ನ ಉತ್ತರವಿಷ್ಟೆ: 2000ನೇ ಇಸವಿಯೊಂದರಲ್ಲೇ ಅಸುರಕ್ಷಿತ ಚುಚ್ಚುಮದ್ದಿನಿಂದ 2.1 ಕೋಟಿ ಜನರಿಗೆ ಹೆಪಟೈಟಿಸ್ ಬಿ ತಗುಲಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತ್ತು. 2019ರಲ್ಲಿ ಪಾಕಿಸ್ತಾನದ ರತೊಡೇರೊದಲ್ಲಿ ನೂರಾರು ಮಕ್ಕಳಿಗೆ ಎಚ್‌ಐವಿ ತಗುಲಿದ್ದು ಪತ್ತೆಯಾಯಿತು. ಊರಿಗೆ ಹೋದಾಗ ಮೊಮ್ಮಗುವಿನ ನೆಗಡಿಗೂ "ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ" ಎನ್ನುವವರು ನಮ್ಮ ಮನೆಗಳಲ್ಲೇ ಇಲ್ಲವೆ?

"ಬಂದ ಕೂಡಲೇ ರಕ್ತ ತೆಗೆಸುವುದೆಂದರೆ ಮಗುವನ್ನು ಅನುಮಾನಿಸಿದಂತೆ" ಎಂಬ ವಾದವನ್ನು ನಾನು ಒಪ್ಪಲಾರೆ. ಶೈಶವದಲ್ಲಿ ತಗುಲಿದ ಹೆಪಟೈಟಿಸ್ ಬಿ ಸದ್ದಿಲ್ಲದೆ ಯಕೃತ್ತಿನಲ್ಲಿ ನೆಲೆಸಿ ದಶಕಗಳ ಮೇಲೆ ಕ್ಯಾನ್ಸರ್ ಆಗಬಲ್ಲುದು. ಮೊದಲೇ ತಿಳಿದರೆ ನಿಗಾ ಇಡಬಹುದು, ಬೇಕಾದಾಗ ಚಿಕಿತ್ಸೆ ಕೊಡಬಹುದು, ಮನೆಯವರಿಗೆ ಲಸಿಕೆ ಹಾಕಿಸಬಹುದು. ಭಾರತದಿಂದಲೇ ಬರಲಿ, ಬೇರೆಡೆಯಿಂದ ಬರಲಿ, ಕಡತದಲ್ಲಿನ 'ನೆಗೆಟಿವ್' ಚೀಟಿಯನ್ನೇ ನಂಬಿ ಕೂರಬೇಡಿ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗಳನ್ನು ಇಲ್ಲಿ ಹೊಸದಾಗಿ ಮಾಡಿಸಿ. ಸೋಂಕು ತಗುಲಿದ ಹೊಸತರಲ್ಲಿ ಪರೀಕ್ಷೆಗೆ ಸಿಕ್ಕದಿರಬಹುದಾದ್ದರಿಂದ ಆರು ತಿಂಗಳ ಮೇಲೆ ಯಾವುದನ್ನು ಮತ್ತೆ ಮಾಡಿಸಬೇಕೆಂದು ಮಕ್ಕಳ ವೈದ್ಯರನ್ನು ಕೇಳಿ.

ಫಲಿತಾಂಶ ಏನೇ ಬರಲಿ, ಸಂಘದ ಊಟದ ಪಂಕ್ತಿಯಲ್ಲಿ "ಮಗುವಿಗೆ ಅದೇನು ಕಲೆ?" ಎಂದು ಕೇಳುವವರಿಗೆ ತಾಯ್ತಂದೆಯರು ಉತ್ತರ ಹೇಳಬೇಕಾದ ಅಗತ್ಯವಿಲ್ಲ.