ನಮ್ಮ ಹೆಂಗಸರು ಟೂರ್ ಹೊರಟರೆ ಯಾರಿಗೆ ಉರಿ?



ಸ್ವಲ್ಪ ಉದ್ದದ ಬರಹ. ಪುರುಸೊತ್ತಾದಾಗ ಓದಿ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತಲ್ಲ, ಅವತ್ತಿಂದ ನಮ್ಮ ಮಂಡ್ಯ ಸೀಮೆಯ ಅರಳಿಕಟ್ಟೆಗಳಲ್ಲಿ ಒಂದು ಮಾತು ನಿಂತೇ ಇಲ್ಲ. "ಬಿಟ್ಟಿ ಬಸ್ಸು ಅಂತ ಹೆಂಗಸರೆಲ್ಲ ಮನೆಮಠ ಬಿಟ್ಟು ಸುತ್ತುತಾವೆ" ಅನ್ನೋ ಮಾತು. ಅದರ ಬಾಲಕ್ಕೆ ಇನ್ನೊಂದು ಮಾತು ಕಟ್ಟಿರುತ್ತಾರೆ: "ನಾಟಿಗೆ ಆಳೇ ಸಿಗ್ತಿಲ್ಲ." ಈ ಎರಡನೇದೇ ಅಸಲಿ ಮಾತು. ಸುತ್ತೋದರ ಬಗ್ಗೆ ಅವರಿಗೆ ಕೋಪವಿಲ್ಲ. ಅವರ ಮನೆಯವರೂ ತಿರುಪತಿ, ಊಟಿ, ದುಬೈ ಅಂತ ಸುತ್ತುತ್ತಾರೆ. ಟೊರಾಂಟೊದಲ್ಲಿರೋ ಮಗನ ಮನೆಗೆ ಹೋಗಿ, ನಯಾಗರಾ ಮುಂದೆ ನಿಂತು ಫೋಟೊ ಹಾಕ್ತಾರೆ. ನಾವೂ ಲೈಕ್ ಒತ್ತುತ್ತೇವೆ, ಸಂತೋಷ. ಕೋಪ ಇರೋದು ಈಗ ಯಾರು ಸುತ್ತೋಕೆ ಹೊರಟಿದ್ದಾರೆ ಅನ್ನೋದರ ಮೇಲೆ.

ಒಂದು ವಿಷಯ ಯೋಚನೆ ಮಾಡಿ. ಕನ್ನಂಬಾಡಿ ಕಟ್ಟೆಯ ನೀರು ವಿ.ಸಿ. ನಾಲೆಯಲ್ಲಿ ಹರಿದು ಪಾಂಡವಪುರ, ಮಂಡ್ಯ, ಮದ್ದೂರಿನ ಗದ್ದೆಗಳಿಗೆ ಬರುತ್ತೆ. ಆ ಗದ್ದೆಯ ಕೆಸರಲ್ಲಿ ಬೆನ್ನು ಬಗ್ಗಿಸಿ ನಾಟಿ ಹಾಕಿ, ಕಳೆ ಕಿತ್ತು ಜೀವ ಸವೆಸಿದವರು ನಮ್ಮ ಕೇರಿಗಳ ಅವ್ವಂದಿರು. ಜೀವಮಾನವಿಡೀ ಆ ನೀರಲ್ಲೇ ಕಾಲಿಟ್ಟು ದುಡಿದ ಎಷ್ಟೋ ಜನ ಆ ಕಟ್ಟೆಯನ್ನ ಕಣ್ಣಾರೆ ಕಂಡದ್ದು ಈ ಬಸ್ಸು ಬಂದ ಮೇಲೆ. ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ ಹರಿಸಿಕೊಂಡು, ಸೆರಗಿನ ಗಂಟಲ್ಲಿ ನೂರಿನ್ನೂರು ರೂಪಾಯಿ ಕಟ್ಟಿಕೊಂಡು, ಕೆಂಪು ಬಸ್ಸಲ್ಲಿ ಕೂತು ಹೋಗಿ ನೋಡಿ ಬಂದರು. ಇದನ್ನ ಬಿಟ್ಟಿ ಅನ್ನೋರು ಅವರ ದುಡಿಮೆಯ ಬಾಕಿ ಎಷ್ಟು ಅಂತ ಮೊದಲು ಲೆಕ್ಕ ಒಪ್ಪಿಸಲಿ.

ಇವರ ಕತೆ ಹಾಳಾಗಲಿ. ನನ್ನ ತಕರಾರು ನಮ್ಮವರ ಜೊತೆಗೂ ಇದೆ. ಸಂಘಟನೆಯ ಸಭೆಗಳಲ್ಲಿ ಕೆಲವು ಹಿರಿಯ ಸಂಗಾತಿಗಳು ಕೇಳ್ತಾರೆ: "ಭೂಮಿ ಪ್ರಶ್ನೆ ಹಂಗೇ ಇದೆ, ಬ್ಯಾಕ್‌ಲಾಗ್ ಹುದ್ದೆ ಹಂಗೇ ಇವೆ, ಇಂಥ ಹೊತ್ತಲ್ಲಿ ಟೂರು, ಹೋಟ್ಲು ಅಂತ ಯಾಕಣ್ಣ ತಲೆ ಕೆಡಿಸ್ಕೋತೀಯ?" ಅಣ್ಣಂದಿರ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ. ಸುತ್ತೋದು, ಹೋಟ್ಲಲ್ಲಿ ಕೂತು ತಿನ್ನೋದು ನಮಗೆ ಷೋಕಿಯಲ್ಲ. ಸಂವಿಧಾನದ 15ನೇ ವಿಧಿಯ 2ನೇ ಉಪವಿಧಿ ತೆಗೆದು ಓದಿ. ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರೋ ತಾಣ, ಒಂದೊಂದನ್ನೂ ಹೆಸರು ಹಿಡಿದು ಬರೆದಿದ್ದಾರೆ. ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ ಹೋಟೆಲು ಯಾಕೆ ಬಂತು? ಹೋಟೆಲಿನ ಬಾಗಿಲಲ್ಲಿ, ಕೆರೆಯ ಮೆಟ್ಟಿಲಲ್ಲಿ ನಮ್ಮನ್ನ ತಡೆದಿದ್ದರು, ಅದಕ್ಕೇ ಬಂತು.

ಬಾಬಾಸಾಹೇಬರ ಪ್ರವಾಸದ ಕತೆಯನ್ನೇ ನೆನೆಯಿರಿ. 1934ರಲ್ಲಿ ಚಳವಳಿಯ ಸುಮಾರು ಮೂವತ್ತು ಜನ ಸಂಗಾತಿಗಳ ಜೊತೆ ಎಲ್ಲೋರದ ಗುಹೆಗಳನ್ನ ನೋಡೋಕೆ ಹೊರಟಿದ್ದರು. ದಾರಿಯಲ್ಲಿ ತೊಂದರೆ ಬೇಡ ಅಂತ ಸದ್ದಿಲ್ಲದೆ, ಗುರುತು ಹೇಳಿಕೊಳ್ಳದೆ ಹೊರಟ ಪ್ರವಾಸ ಅದು. ಹಾದಿಯಲ್ಲಿ ದೌಲತಾಬಾದ್ ಕೋಟೆ. ಮೈಯೆಲ್ಲ ಧೂಳು. ಕೋಟೆ ಬಾಗಿಲ ಹತ್ತಿರದ ಕೊಳದಲ್ಲಿ ಕೈಕಾಲು ಮುಖ ತೊಳೆದರು. ಅಷ್ಟಕ್ಕೇ, ಕೊಳ ಮೈಲಿಗೆಯಾಯ್ತು ಅಂತ ಕೂಗಾಡಿಕೊಂಡು ಜನ ಮುತ್ತಿಕೊಂಡರು. ಕೂಗಿದವರು ಮುಸಲ್ಮಾನರು, ಜಾತಿಯ ರೋಗ ಒಂದು ಧರ್ಮದ ಗೋಡೆಗೆ ನಿಲ್ಲಲ್ಲ ಅಂತ ತೋರಿಸೋಕೇ ಅವರು ಈ ಘಟನೆಯನ್ನ ಬರೆದಿಟ್ಟರು. ಕೊನೆಗೆ ಕೋಟೆ ನೋಡೋಕೆ ಬಿಟ್ಟರು, ಆದರೆ ಒಳಗೆಲ್ಲೂ ನೀರು ಮುಟ್ಟಬಾರದು ಅಂತ ಹತಾರ ಹಿಡಿದ ಸಿಪಾಯಿಯೊಬ್ಬನನ್ನ ಜೊತೆಗೆ ಕಳಿಸಿದರು. ಅಷ್ಟೊತ್ತಿಗೆ ಬಾಬಾಸಾಹೇಬರು ಬ್ಯಾರಿಸ್ಟರು, ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಕೂತು ಬಂದವರು. ಮಹಾಡದ ಕೆರೆ ನೀರು ಮುಟ್ಟಿ ಏಳು ವರ್ಷವಾಗಿತ್ತು.

ಕೆನಡಾದಲ್ಲೂ ಇಂಥದೊಂದು ನಡೆದಿದೆ. 1946ರ ನವೆಂಬರಿನಲ್ಲಿ ವಯೋಲಾ ಡೆಸ್ಮಂಡ್ ಅನ್ನೋ ಕಪ್ಪು ಹೆಣ್ಣುಮಗಳು ಹ್ಯಾಲಿಫ್ಯಾಕ್ಸಿನಿಂದ ಕೆಲಸದ ಮೇಲೆ ಹೊರಟಿದ್ದಳು. ನ್ಯೂ ಗ್ಲಾಸ್ಗೊ ಅನ್ನೋ ಊರಲ್ಲಿ ಕಾರು ಕೆಟ್ಟಿತು. ರಿಪೇರಿ ಆಗೋತನಕ ಸಿನಿಮಾ ನೋಡೋಣ ಅಂತ ಹೋಗಿ ಕೆಳಗಿನ ಸೀಟಲ್ಲಿ ಕೂತಳು. ಅದು ಬಿಳಿಯರ ಜಾಗ. ಎಳೆದು ಹೊರಗೆ ಹಾಕಿ, ರಾತ್ರಿಯೆಲ್ಲ ಲಾಕಪ್ಪಲ್ಲಿಟ್ಟರು. ಕೇಸು ಏನು ಗೊತ್ತಾ? ಎರಡು ಟಿಕೆಟ್ಟಿನ ನಡುವಿನ ಒಂದು ಸೆಂಟ್ ತೆರಿಗೆ ವಂಚನೆ! 2010ರಲ್ಲಿ ಸರ್ಕಾರ ಕ್ಷಮೆ ಕೇಳಿತು. 2018ರಿಂದ ಅಲ್ಲಿನ ಹತ್ತು ಡಾಲರ್ ನೋಟಿನ ಮೇಲೆ ಅವಳ ಮುಖ ಇದೆ. ಟೊರಾಂಟೊ, ನಯಾಗರಾ ನೋಡೋಕೆ ಹೋಗೋ ನಮ್ಮ ಸೀಮೆಯವರು ಆ ನೋಟು ಕೊಟ್ಟೇ ಕಾಫಿ ಕುಡೀತಾರೆ. ಅದರ ಮೇಲಿರೋ ಹೆಂಗಸು ಯಾರು ಅಂತ ಒಂದ್ಸಲ ಕೇಳಿ ಬರಲಿ. ಅವಳೂ ಜೈಲಿಗೆ ಹೋದದ್ದು ಒಂದು ಸಂಜೆಯ ಮನರಂಜನೆಗಾಗಿ.

ಈಗ ನಮ್ಮ ನಾಲ್ಕು ತಾಲ್ಲೂಕಿಗೆ ಬನ್ನಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ನೋಡೋ ಜಾಗಕ್ಕೆ ಬರವಿಲ್ಲ. ಆದರೆ ನಮ್ಮ ಕಣ್ಣಲ್ಲಿ ನೋಡಬೇಕು, ಗೈಡು ತೋರಿಸಿದಷ್ಟನ್ನೇ ಅಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. 1780ರ ಪೊಳ್ಳಿಲೂರು ಯುದ್ಧದ ಚಿತ್ರ ಗೋಡೆ ತುಂಬ ಇದೆ. ಸೋತ ಇಂಗ್ಲಿಷ್ ಅಧಿಕಾರಿ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಹೈದರಾಲಿ ಯಾರು, ಟಿಪ್ಪು ಯಾರು, ಬೇಯ್ಲಿ ಯಾರು ಅಂತ ಎಲ್ಲ ಹೇಳ್ತಾರೆ. ಪಲ್ಲಕ್ಕಿ ಹೊತ್ತವರು ಯಾರು ಅಂತ ಮಕ್ಕಳಿಂದ ಕೇಳಿಸಿ. ಅಲ್ಲಿಂದ ಕೆಆರ್‌ಎಸ್‌ಗೆ ಬನ್ನಿ. 1911ರಲ್ಲಿ ಶುರುವಾದ ಕಟ್ಟೆ, ಸಿಮೆಂಟ್ ಇಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ನಾಲ್ವಡಿಯವರ ಮೇಲೆ ನಮಗೆ ಪ್ರೀತಿ ಇದೆ. 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ ದೊರೆ ಅವರು. ವಿಶ್ವೇಶ್ವರಯ್ಯನವರ ಜಾಣ್ಮೆಯನ್ನೂ ಅಲ್ಲಗಳೆಯಲ್ಲ. ಆದರೆ ಇಟ್ಟಿಗೆ ಪುಡಿ ಮಾಡಿದವರು, ಸುಣ್ಣ ಅರೆದವರು, ಕಲ್ಲು ಹೊತ್ತವರು ಸಾವಿರಾರು ಜನ. ಬೃಂದಾವನದ ಬಣ್ಣದ ಕಾರಂಜಿ ನೋಡುವಾಗ ಅವರೂ ನೆನಪಾಗಲಿ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆ. ರಾಯಗೋಪುರ, ಕಲ್ಯಾಣಿ, ಬೆಟ್ಟದ ಮೇಲೆ ಯೋಗಾನರಸಿಂಹ. ಇಲ್ಲಿ ನಮಗೊಂದು ಕತೆ ಹೇಳ್ತಾರೆ. ಚೆಲುವನಾರಾಯಣನ ಉತ್ಸವಮೂರ್ತಿಯನ್ನ ದಿಲ್ಲಿಯಿಂದ ತರುವಾಗ ನೆರವಾದ ನಮ್ಮ ಜನಕ್ಕೆ ರಾಮಾನುಜಾಚಾರ್ಯರು 'ತಿರುಕುಲದವರು' ಅಂತ ಹೆಸರು ಕೊಟ್ಟು, ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬಿಟ್ಟರು ಅಂತ. ಹನ್ನೆರಡನೇ ಶತಮಾನದಲ್ಲಿ ಅದು ದೊಡ್ಡ ಹೆಜ್ಜೆಯೇ, ಆಚಾರ್ಯರಿಗೆ ಶರಣು. ಆದರೆ ಮೂರು ದಿನ ಬಾಗಿಲು ತೆರೆದಿತ್ತು ಅಂದರೆ ಮಿಕ್ಕ ಮುನ್ನೂರ ಅರವತ್ತೆರಡು ದಿನ ಮುಚ್ಚಿತ್ತು ಅಂತಲೂ ಅರ್ಥ. ಗುಡಿ ಪ್ರವೇಶಕ್ಕೆ ಮೈಸೂರು ಸಂಸ್ಥಾನದಲ್ಲಿ ಕಾಯ್ದೆ ಬಂದದ್ದು 1948ರಲ್ಲಿ. ಮೂರು ದಿನದ ಕತೆ ಎಲ್ಲರ ಬಾಯಲ್ಲಿದೆ, ಕಾಯ್ದೆಯ ಹೆಸರು ಯಾರ ಬಾಯಲ್ಲೂ ಇಲ್ಲ. ಹೋದಾಗ ಮಕ್ಕಳಿಗೆ ಎರಡನ್ನೂ ಹೇಳಿ.

ಕೆ.ಆರ್. ಪೇಟೆ ಕಡೆ ಹೊಸಹೊಳಲು, ಕಿಕ್ಕೇರಿ. ಹೊಯ್ಸಳರ ಕೆತ್ತನೆ ನೋಡಿ ಬಾಯಿ ಬಿಡದವರಿಲ್ಲ. ನಾನು ಹೆಚ್ಚು ಹೊತ್ತು ನಿಲ್ಲೋದು ಅಗ್ರಹಾರ ಬಾಚಹಳ್ಳಿಯ ಗರುಡಗಂಬಗಳ ಮುಂದೆ. ದೊರೆ ಸತ್ತಾಗ ಜೊತೆಗೇ ಪ್ರಾಣ ಬಿಡ್ತೀವಿ ಅಂತ ಮಾತು ಕೊಟ್ಟ ಗರುಡರ ಸ್ಮಾರಕ. ಆ ನಾಯಕರು ಹೆಂಡತಿಯರ ಸಮೇತ, ದಾಸ ದಾಸಿಯರ ಸಮೇತ ಸತ್ತರು ಅಂತ ಶಾಸನ ಹೇಳುತ್ತೆ. ನಾಯಕರ ಹೆಸರು ಕಲ್ಲಿನ ಮೇಲಿದೆ. ಆ ದಾಸಿಯರಿಗೆ ಸಾಯೋ ಮನಸ್ಸಿತ್ತಾ ಅಂತ ಯಾರು ಕೇಳಿದ್ದರು? ನಾಗಮಂಗಲದಲ್ಲಿ ಸೌಮ್ಯಕೇಶವ, ಕಂಬದಹಳ್ಳಿಯ ಜೈನ ಬಸದಿ, ಆದಿಚುಂಚನಗಿರಿಯ ಬೆಟ್ಟ. ಚುಂಚನಗಿರಿಯಲ್ಲಿ ಬಂದವರಿಗೆಲ್ಲ ದಾಸೋಹದ ಊಟ ಇದೆ. ನಮ್ಮ ಬಳಗ ಹೋದಾಗಲೂ ಎಲ್ಲರ ನಡುವೆ ಕೂತು ಹೊಟ್ಟೆ ತುಂಬ ಉಂಡು ಬಂದೆವು.

ಊಟದ ಮಾತು ಬಂತಲ್ಲ. ನಮ್ಮ ಸೀಮೆಯ ರುಚಿ ಅಂತ ಪ್ರವಾಸಿಗರಿಗೆ ಹೇಳೋದು ಎರಡೇ: ಮೇಲುಕೋಟೆ ಪುಳಿಯೋಗರೆ, ಮದ್ದೂರು ವಡೆ. ಎರಡೂ ನಂಗಿಷ್ಟ. ಆದರೆ ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು, ಕಟ್ಟೆ ಹತ್ತಿರದ ಮೀನು ಫ್ರೈ ಯಾರ ಊಟ? 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಸಾಲಲ್ಲಿ ಮಾಂಸಾಹಾರವನ್ನೂ ಸೇರಿಸಿ ಬೇಡ ಅಂದಿದ್ದರು. ನಾವು ಉಣ್ಣೋದು ಚಟದ ಪಟ್ಟಿಗೆ ಸೇರಿತ್ತು! ಬಾಡೂಟ ಬೇಕು ಅಂತ ಮಂಡ್ಯದ ಸಂಘಟನೆಗಳು ಎದ್ದು ನಿಂತದ್ದು ನಾಲಗೆ ಚಪಲಕ್ಕಲ್ಲ, ಆ ಸಾಲಿನಿಂದ ನಮ್ಮ ತಟ್ಟೆಯನ್ನ ಹೊರಗೆ ತೆಗೆಯೋಕೆ.

ಇಷ್ಟು ಹೇಳಿ ಈಗ ಲೋಟದ ವಿಚಾರಕ್ಕೆ ಬರ್ತೀನಿ. ಹೆದ್ದಾರಿ ಹೋಟೆಲುಗಳಲ್ಲಿ, ಶ್ರೀರಂಗಪಟ್ಟಣದ ದರ್ಶಿನಿಗಳಲ್ಲಿ ನಮ್ಮನ್ನ ಯಾರೂ ಏನೂ ಕೇಳಲ್ಲ. ಟೋಕನ್ ಕೊಡು, ದೋಸೆ ತಗೋ, ಅಷ್ಟೆ. ಇದನ್ನೇ ತೋರಿಸಿ "ಈಗೆಲ್ಲಿದೆ ಜಾತಿ?" ಅಂತಾರೆ. ಸ್ವಾಮಿ, ಅಲ್ಲಿ ಜಾತಿ ಹೋಗಿಲ್ಲ, ನಮ್ಮ ಗುರುತು ಸಿಕ್ಕಿಲ್ಲ ಅಷ್ಟೆ. ಹೆದ್ದಾರಿ ಬಿಟ್ಟು ಒಳಗೆ ಬನ್ನಿ. ಈ ಸೀಮೆಯ ಒಂದು ಊರಿನ ಸಣ್ಣ ಟೀ ಅಂಗಡಿಯಲ್ಲಿ ನನಗೇ ಆದದ್ದು. "ಯಾವೂರಾಯ್ತು?" ಅಂದರು, ಹೇಳಿದೆ. "ಯಾರ ಪೈಕಿ?" ಅಂದರು, ಹೇಳಿದೆ. ಪಕ್ಕದವರಿಗೆ ಗಾಜಿನ ಲೋಟ ಬಂತು, ನನಗೆ ಪೇಪರ್ ಲೋಟ ಬಂತು. ಬೈಗುಳ ಇಲ್ಲ, ಜಗಳ ಇಲ್ಲ. ಕೇಳಿದರೆ "ಕೊರೊನಾ ಬಂದಾಗಿಂದ ಹಂಗೇ ಅಲ್ವ ಸಾರ್" ಅನ್ನೋ ನಗು. ಅಂಥ ಊರಿನ ನಮ್ಮ ಹಿರಿಯರು ಊರ ಹೋಟೆಲಿನ ಒಳಕ್ಕೆ ಕಾಲಿಡಲ್ಲ. ಅದೇ ಜನ ಶ್ರೀರಂಗಪಟ್ಟಣದಲ್ಲಿ ಕುರ್ಚಿ ಎಳೆದುಕೊಂಡು ಕೂತು ತಿಂಡಿ ತಿಂತಾರೆ. ಊರಿಂದ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರ ಹೋದರೆ ಮನುಷ್ಯರಾಗ್ತೀವಿ, ವಾಪಸ್ ಬಂದರೆ ಮತ್ತೆ ಕೇರಿಯವರು.

ನಾನು ಟೂರ್ ಹೋಗಿ ಅನ್ನೋದು ಇದಕ್ಕೇ. ಒಂದು ದಿನ ಯಾರೂ "ಯಾವ ಜನ" ಅಂತ ಕೇಳದ ಜಾಗದಲ್ಲಿ ಕೂತು, ಎಲ್ಲರ ತಟ್ಟೆಯಲ್ಲಿ ತಿಂದು, ದುಡ್ಡು ಎಣಿಸಿ ಕೊಟ್ಟು ಬಂದ ಹೆಣ್ಣುಮಗಳು ಮಾರನೇ ದಿನ ಊರ ಅಂಗಡಿಯ ಹೊರಗೆ ನಿಂತು ಟೀ ಕುಡಿಯೋವಾಗ ಎರಡನ್ನೂ ಹೋಲಿಸಿ ನೋಡ್ತಾಳೆ. ಅವಳಿಗೆ ಭಾಷಣ ಬೇಡ. ಇಪ್ಪತ್ತು ಕಿಲೋಮೀಟರ್ ಆಚೆ ಆಗೋದು ಇಲ್ಲಿ ಯಾಕಾಗಲ್ಲ ಅನ್ನೋ ಪ್ರಶ್ನೆ ಅವಳೇ ಕೇಳ್ತಾಳೆ. ಅರಳಿಕಟ್ಟೆಯವರಿಗೆ ಇದು ಚೆನ್ನಾಗಿ ಗೊತ್ತು. ಅವರ ಉರಿಗೆ ಆಳು ಸಿಗದಿರೋದು ಒಂದು ಕಾರಣವಾದರೆ, ಹೋದ ಆಳು ಹೋದಂಗೇ ವಾಪಸ್ ಬರಲ್ಲ ಅನ್ನೋದು ಇನ್ನೊಂದು ಕಾರಣ.

ಕಾನೂನು ನಮ್ಮ ಕಡೆಗಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೇ ಹೋಟೆಲಿನ ಪಾತ್ರೆ ಪಗಡಿಯ ಮಾತಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂದಿದೆ. ಸಾರ್ವಜನಿಕರ ಬಳಕೆಗೆ ಇಟ್ಟ ಪಾತ್ರೆಯನ್ನ ನಾವು ಬಳಸದಂತೆ ತಡೆಯೋದು ಅದರ ಪ್ರಕಾರ ದೌರ್ಜನ್ಯ. ಪೇಪರ್ ಲೋಟ ಎಲ್ಲರಿಗೂ ಕೊಟ್ಟರೆ ಅದು ಅಂಗಡಿಯ ಪದ್ಧತಿ. ಜಾತಿ ಕೇಳಿ ಕೊಟ್ಟರೆ ಅಪರಾಧ. ಅಂಥದ್ದು ನಡೆದರೆ ದಿನಾಂಕ, ಹೊತ್ತು, ಜೊತೆಗಿದ್ದವರು ಯಾರು ಅಂತ ಬರೆದಿಟ್ಟುಕೊಳ್ಳಿ. 14566 ಸಹಾಯವಾಣಿ ಇದೆ, ಉಚಿತ ಕರೆ. ಒಬ್ಬೊಬ್ಬರೇ ಜಗಳಕ್ಕಿಳಿಯಬೇಡಿ, ಗುಂಪಾಗಿ ಹೋಗಿ ದೂರು ಕೊಡಿ.

ಕೊನೆಗೊಂದು ಪ್ರಸ್ತಾಪ. ಬರೋ ಏಪ್ರಿಲ್ 14ಕ್ಕೆ ಪ್ರತಿ ಕೇರಿಯಲ್ಲೂ ಫ್ಲೆಕ್ಸಿಗೆ, ಡಿಜೆಗೆ ಚಂದಾ ಎತ್ತುತ್ತೀವಿ. ಅದರಲ್ಲಿ ಅರ್ಧ ತೆಗೆದಿಟ್ಟು ಕೇರಿಯ ಮಕ್ಕಳು, ಅವ್ವಂದಿರನ್ನ ಒಂದು ದಿನ ಹೊರಡಿಸಿ. ಹೆಂಗಸರಿಗೆ ಟಿಕೆಟ್ಟಿಲ್ಲ, ಗಂಡಸರಿಗೂ ಮಕ್ಕಳಿಗೂ ಊಟಕ್ಕೂ ಖರ್ಚು ಅಷ್ಟೆ. ಬೆಳಿಗ್ಗೆ ದರಿಯಾ ದೌಲತ್, ಮಧ್ಯಾಹ್ನ ಮೇಲುಕೋಟೆ, ಸಂಜೆ ಬೃಂದಾವನದ ದೀಪ. ಬುತ್ತಿ ಕಟ್ಟಿಕೊಂಡು ಹೋಗಿ ಮರದಡಿ ಉಂಡು ಬರಬೇಡಿ. ಒಂದು ಹೊತ್ತಾದರೂ ಹೋಟೆಲಿನ ಒಳಗೆ, ನಡುವಿನ ಟೇಬಲ್ಲಿಗೆ ಕೂರಿಸಿ. ಮೆನು ಕಾರ್ಡನ್ನ ಮಕ್ಕಳ ಕೈಗೇ ಕೊಡಿ, ಅವರೇ ಓದಿ ಆರ್ಡರ್ ಮಾಡಲಿ.

ಮಾರನೇ ದಿನ ಅದೇ ಅವ್ವಂದಿರ ಜೊತೆ ನಿಮ್ಮೂರಿನ ಟೀ ಅಂಗಡಿಗೆ ಹೋಗಿ, ಒಳಗೆ ಕೂತು, ಗಾಜಿನ ಲೋಟದಲ್ಲಿ ಟೀ ಕೇಳಿ. ಏನಾಯ್ತು ಅಂತ ನಂಗೂ ತಿಳಿಸಿ.

ಜೈಭೀಮ್.