ಕಾಫಿ ಅಂತ ಹೇಳಿ ಸೆರೆ ಕುಡಸಬ್ಯಾಡ್ರಿ

ಈಗೀಗ ನಮ್ಮ ವಿಜಯಪುರದ ಪಾರ್ಟಿಗಳೊಳಗೂ ಒಂದು ಹೊಸಾ ಸಾಮಾನು ಬಂದೈತಿ. ಸಣ್ಣ ಗಾಜಿನ ಗ್ಲಾಸು, ಎರಡು ಗುಟುಕಿನಷ್ಟ. ತಳಕ್ಕ ಕರ್ರಗ ಕಾಫಿ, ನಡುವ ಹಾಲಿನ ಬಣ್ಣ, ಮ್ಯಾಲೆ ಕಿತ್ತಳಿ ಬಣ್ಣ. ಮೂರೂ ಒಂದರಾಗ ಒಂದು ಕೂಡದಂಗ ಪದರ ಪದರ ನಿಂತಿರ್ತಾವು. ನೋಡಾಕ ಭಾಳ ಚೆಂದ. ಕುಡದ್ರ ಐಸ್ಕ್ರೀಮ್ ಕರಗಿಸಿ ಕುಡದಂಗ ಸಿಹಿ. ಬೆಂಗಳೂರು, ಪುಣೆದಾಗ ನೌಕರಿ ಮಾಡೂ ನಮ್ಮ ಹುಡುಗೂರು ಊರಿಗೆ ಬಂದಾಗ ಮದಿವಿ ವಾರ್ಷಿಕೋತ್ಸವಕ್ಕ, ಬರ್ತ್‌ಡೇಕ್ಕ ಇದನ್ನ ಮಾಡಿ ಟ್ರೇದಾಗ ಹಚ್ಚಿ ತರ್ತಾರ.

ಅದು ಕಾಫಿ ಅಲ್ಲ, ಸೆರೆ. ಇದನ್ನ ಕುಡೀಬೇಕೋ ಬ್ಯಾಡೋ ಅನ್ನೂದು ಅವರವರ ಇಚ್ಛಾ. ನಾನು ಹೇಳೂದು ಒಂದ ಮಾತು: ಕೊಡೂ ಮೊದಲು ಅದರ ಹೆಸರು ಹೇಳಿ ಕೊಡ್ರಿ. ಮತ್ತ ಕುಡೀಲಾರದವರ ಸಲುವಾಗಿ ಅಷ್ಟ ಚೆಂದದ್ದು ಇನ್ನೊಂದು ಮಾಡಿಡ್ರಿ. ಇವೆರಡೂ ಆಗೂದಿಲ್ಲ ಅಂದ್ರ ಆ ಟ್ರೇ ಮನಿ ಕಾರ್ಯಕ್ಕ ತರಬ್ಯಾಡ್ರಿ.

ಮೊದಲು ಆ ಗ್ಲಾಸಿನಾಗ ಏನಿರ್ತೈತಿ ನೋಡೂಣು. ಇದಕ್ಕ ಬಿ-52 ಅಂತಾರ. ಅಮೆರಿಕಾದವರ ಬಾಂಬ್ ಹಾಕೂ ವಿಮಾನದ ಹೆಸರೂ ಅದ. ತಳದ್ದು ಕಾಫಿ ಲಿಕ್ಯೂರ್, ಅಂದ್ರ ಕಾಫಿ, ಸಕ್ಕರಿ ಹಾಕಿದ ಸೆರೆ. ಮೆಕ್ಸಿಕೋದ ಕಹ್ಲುವಾ ಅಂಬೂದು ಹೆಸರಾದದ್ದು, 1936ರಿಂದ ಐತಿ. ನಡುವಿಂದು ಐರ್ಲೆಂಡಿನ ಬೇಲೀಸ್, ವಿಸ್ಕಿಯೊಳಗ ಹಾಲಿನ ಕೆನಿ ಕೂಡಿಸಿದ್ದು, 1974ರಾಗ ಮಾರಾಕ ಬಂತು. ಮ್ಯಾಲಿಂದು ಕಿತ್ತಳಿ ಸಿಪ್ಪಿ ವಾಸನಿದು.

ಪದರ ಹೆಂಗ ನಿಲ್ಲತಾವ ಅನ್ನೂದು ಅಡಗಿ ಮಾಡೂ ಹೆಣಮಕ್ಕಳಿಗೆ ಯಾರೂ ಕಲಸಬೇಕಾಗಿಲ್ಲ. ಕಟ್ಟಿನ ಸಾರಿನ ಮ್ಯಾಲೆ ಎಣ್ಣಿ ತೇಲತೈತಿ. ಕಾಯಿಸಿದ ಹಾಲಿನ ಮ್ಯಾಲೆ ಕೆನಿ ಬರ್ತೈತಿ. ಶರಬತ್ತು ತಿರವದಿದ್ರ ಸಕ್ಕರಿ ತಳಕ್ಕ ಕೂಡತೈತಿ. ಇಷ್ಟ ಲೆಕ್ಕ. ಸಕ್ಕರಿ ಜಾಸ್ತಿ ಇದ್ದದ್ದು ಭಾರ, ಅದು ತಳಕ್ಕ. ಜಿಡ್ಡು ಇದ್ದದ್ದು ಹಗುರ, ಅದು ಮ್ಯಾಲೆ. ಸೆರೆ ನೀರಿಗಿಂತ ಹಗುರ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದ್ರ, ಒಂದು ಲೀಟರ್ ಶುದ್ಧ ಆಲ್ಕೋಹಾಲ್ ಸುಮಾರು 790 ಗ್ರಾಮ್ ತೂಗತೈತಿ. ಹಂಗಾಗಿ ಸೆರೆ ಎಷ್ಟು ಜೋರ ಇರ್ತೈತೋ, ಸಕ್ಕರಿ ಎಷ್ಟು ಕಡಿಮಿ ಇರ್ತೈತೋ, ಅಷ್ಟು ಮ್ಯಾಲೆ ತೇಲತೈತಿ.

ಈಗ ನೋಡ್ರಿ ಇದರ ಮರ್ಮ. ಮ್ಯಾಲೆ ಕಿತ್ತಳಿ ಹಣ್ಣಿನ ರಸದಂಗ ಕಾಣಸೂ ಪದರನ ಎಲ್ಲಕ್ಕಿಂತ ಜೋರು. ಕಾಫಿದರಾಗ ನೂರಕ್ಕ ಸುಮಾರು 20 ಪಾಲು ಆಲ್ಕೋಹಾಲ್, ಕೆನಿದರಾಗ 17, ಕಿತ್ತಳಿದರಾಗ 40. ಒಂದೊಂದು 20 ಮಿಲಿ ಹಾಕಿದ್ರಂತ ಹಿಡೀರಿ. ನಾಲ್ಕು, ಮೂರೂವರಿ, ಎಂಟು ಕೂಡಿಸಿದ್ರ ಹದಿನೈದು ಮಿಲಿ ದಾಟತೈತಿ. ನಮ್ಮ ದೇಶದ ವಿಸ್ಕಿ ಬಾಟ್ಲಿ ಮ್ಯಾಲೆ 42.8 ಅಂತ ಬರದಿರ್ತೈತಿ, ಅದರ 30 ಮಿಲಿ ಸಣ್ಣ ಪೆಗ್ಗಿನ್ಯಾಗ ಹದಿಮೂರು ಮಿಲಿಯೂ ಇರೂದಿಲ್ಲ. ಅಂದ್ರ ಈ ಸಿಹಿ ಗ್ಲಾಸು ಒಂದು ಪೆಗ್ ವಿಸ್ಕಿಗಿಂತ ಜಾಸ್ತಿನ ಆತು. ವಿಸ್ಕಿ ಮಾತ್ರ ಮೂಗಿನ ಹತ್ರ ತಂದಕೂಡಲೆ ತಾನು ಏನಂತ ಹೇಳತೈತಿ. ಇದು ಹೇಳೂದಿಲ್ಲ. ಕಾಫಿ ವಾಸನಿ, ಕೆನಿ, ಸಕ್ಕರಿ ಮೂರೂ ಕೂಡಿ ಅದರ ಬಾಯಿ ಮುಚ್ಚಿರ್ತಾವು. ಬಾಟ್ಲಿ ಬಾಯಿ ಮುಚ್ಚಿದಾಗ ಮನಿಯವರ ಬಾಯಿ ತೆರೀಬೇಕು.

ನಮ್ಮ ಬಳಗದೊಳಗ ಒಂದು ಇಪ್ಪತ್ತೈದನೇ ವರ್ಷದ ಮದಿವಿ ಕಾರ್ಯಕ್ರಮ ಆತು. ಟ್ರೇ ಹಿಡಕೊಂಡ ಹುಡುಗ ಒಬ್ಬ ಹಿರೇ ಅಮ್ಮಾರ ಮುಂದ ಬಂದು "ಕಾಫಿ ಐತ್ರಿ ಅಮ್ಮಾರ, ಥಂಡಿ ಕಾಫಿ, ತಗೋರಿ" ಅಂದ. ಅವರು ಕೊರಳಾಗ ಇಷ್ಟಲಿಂಗ ಕಟ್ಟಿಕೊಂಡು, ಎರಡು ಹೊತ್ತು ಪೂಜಾ ಮಾಡಿ ಬಾಳೇ ಮಾಡಿದವರು. ಸಿಹಿ ಛಲೋ ಅನಿಸಿ ಇನ್ನೊಂದು ಇಸಕೊಂಡ್ರು. ಹಿಂದ ಕುಂತ ಹುಡುಗೂರು ನಕ್ಕವು. ಯಾಕ ನಗಾಕತ್ತಾರ ಅಂತ ಕೇಳಿದಾಗ ಯಾರೋ ಹೇಳಿದ್ರು. ಅವರು ಜಗಳ ಮಾಡಲಿಲ್ಲ, ಒಂದು ಮಾತೂ ಬೈಲಿಲ್ಲ. ಊಟಾನೂ ಮಾಡದ ಎದ್ದು ಹೋಗಿ, ರಾತ್ರಿ ಹತ್ತಕ್ಕ ತಣ್ಣೀರು ಹೊಯ್ಕೊಂಡು ಪೂಜಾಕ್ಕ ಕುಂತ್ರು. ಆ ಮನಿಗೆ ಮತ್ತ ಅವರು ಕಾಲಿಟ್ಟಿಲ್ಲ. ಮನಿಯವರು ಹೋಗಿ ಕೈ ಮುಗದು ಬಂದ್ರೂ "ಸಿಟ್ಟಿಲ್ಲವಾ, ಮನಸ ಬರವಲ್ದು" ಅಂದ್ರಂತ.

ಹುಡುಗೂರ ಪ್ರಕಾರ ಅದು ಚ್ಯಾಷ್ಟಿ. ಒಂದು ಗುಟುಕಿನಿಂದ ಯಾರ ಧರ್ಮ ಹೋಗತೈತಿ ಅಂತ ಕೇಳ್ತಾರ. ಧರ್ಮ ಹೋತೋ ಉಳೀತೋ ನಾ ಹೇಳಾಕ ಯಾರು? ಆದ್ರ ಇನ್ನೊಬ್ಬರು ಎಪ್ಪತ್ತು ವರ್ಷ ಕಾಯ್ದುಕೊಂಡು ಬಂದ ನೇಮ ಮುರಿಯೂ ಹಕ್ಕು ಟ್ರೇ ಹಿಡದವರಿಗೆ ಇಲ್ಲ. ನಾಳೆ ಇವರ ಡಯಟ್ ಊಟದಾಗ ನಾವು ಸುಳ್ಳ ಹೇಳಿ ತುಪ್ಪ ಹಾಕಿದ್ರ ಇವರು ನಗತಾರೇನು?

ನೇಮದ ಮಾತು ಬಿಡ್ರಿ, ಜೀವದ ಮಾತೂ ಐತಿ. ಪಾರ್ಟಿಗೆ ಬಂದವರೊಳಗ ಬಸುರಿ ಹೆಣಮಗಳು ಇರ್ತಾಳ, ಇನ್ನೂ ಯಾರಿಗೂ ಹೇಳಿರೂದಿಲ್ಲ. ಶುಗರಿಗೆ ಇನ್ಸುಲಿನ್ ತಗೊಳ್ಳವರು ಇರ್ತಾರ. ಹೊಟ್ಟಿ ಕೆಟ್ಟು ಮೆಟ್ರೋನಿಡಜೋಲ್ ಗುಳಿಗಿ ನುಂಗಿ ಬಂದವರು ಇರ್ತಾರ, ಅದರ ಜೋಡಿ ಸೆರೆ ಕೂಡಬಾರದು ಅಂತ ಡಾಕ್ಟರೇ ಹೇಳಿರ್ತಾರ. ಕಷ್ಟಪಟ್ಟು ಕುಡಿಯೂದು ಬಿಟ್ಟವರು ಇರ್ತಾರ. ಅವರ ಹೇಣ್ತಿಯನ್ನ ಕೇಳ್ರಿ, ಒಂದು ಗುಟುಕು ಅಂದ್ರ ಎಷ್ಟು ಅಂತ. ರಾತ್ರಿ ಅಥಣಿ ರಸ್ತೆ ಹಿಡದು ಟಿಕೋಟಾಕ್ಕ, ಜಮಖಂಡಿ ರಸ್ತೆ ಹಿಡದು ಬಬಲೇಶ್ವರಕ್ಕ ಗಾಡಿ ಹೊಡಕೊಂಡು ಹೋಗವರು ಇರ್ತಾರ. 100 ಮಿಲಿ ರಕ್ತದಾಗ 30 ಮಿಲಿಗ್ರಾಮ್ ದಾಟಿದ್ರ ಅದು ಗುನ್ಹೆ ಅಂತ ಮೋಟಾರು ವಾಹನ ಕಾಯ್ದೆ ಹೇಳತೈತಿ. ತಾನು ಕುಡದೈತಿ ಅಂತನ ಗೊತ್ತಿಲ್ಲದವ ಹೆಂಗ ಕಾಯ್ದೆ ಪಾಲಸ್ಯಾನು?

ಇದಕ್ಕ ನಮ್ಮ ಮನ್ಯಾನ ಹುಡುಗ ಒಂದು ಮಾತು ಹೇಳಿದ. "ದೊಡ್ಡವ್ವಾ, ನಮ್ಮ ಜಿಲ್ಲಾನ ದ್ರಾಕ್ಷಿ ಜಿಲ್ಲಾ. ಸರಕಾರ 2007ರಾಗ ವೈನ್ ನೀತಿ ಮಾಡೈತಿ. ದ್ರಾಕ್ಷಿ ರೊಕ್ಕಾ ಬೇಕು, ಸೆರೆ ಬ್ಯಾಡ ಅಂದ್ರ ಹೆಂಗ?" ಮಾತಿನ್ಯಾಗ ಹುರುಳಿಲ್ಲ ಅಂತಲ್ಲ. ಟಿಕೋಟಾ, ಬಬಲೇಶ್ವರ ಸೀಮ್ಯಾಗ ಟ್ಯಾಂಕರಿನಿಂದ ನೀರು ಹಾಕಿ ಪಡಾ ಉಳಿಸಿದವರ ಸಂಕಟ ನಾವು ಕಂಡೇವಿ. ಒಣದ್ರಾಕ್ಷಿ ರೇಟು ಬಿದ್ದಾಗ ಮನಿ ಮನಿಯೊಳಗ ಏನಾಗತೈತಿ ಅನ್ನೂದೂ ಗೊತ್ತೈತಿ. ದ್ರಾಕ್ಷಿಗೆ ಇನ್ನೊಂದು ಗಿರಾಕಿ ಬಂದ್ರ ರೈತರಿಗೆ ಛಲೋನ. ಆದ್ರ ನಮ್ಮಲ್ಲಿ ಹೆಚ್ಚಿಗಿ ಬೆಳಿಯೂದು ತಿನ್ನೂ ದ್ರಾಕ್ಷಿ, ಶೆಡ್ಡಿನ್ಯಾಗ ಒಣಸೂ ಥಾಮ್ಸನ್ ಜಾತಿ. ವೈನಿನ ದ್ರಾಕ್ಷಿ ಬ್ಯಾರೆ ಜಾತಿ. ಅದೂ ಅಲ್ಲದ, ವೈನ್ ಬಾಟ್ಲಿ ಮ್ಯಾಲೆ ವೈನ್ ಅಂತ ಬರದ ಮಾರ್ತಾರ, ಆಲ್ಕೋಹಾಲ್ ಎಷ್ಟು ಅಂತಲೂ ಬರೀತಾರ. ಅಂಗಡಿಯವ ಹೇಳೂವಷ್ಟು ಖರೆ ಮನಿಯವರು ಹೇಳಬಾರದೇನು?

ಇನ್ನೊಂದು ಕಡೆಯವರಿಗೂ ಒಂದು ಮಾತು. ತಾವು ಢಾಬಾದಾಗ ಕುಂತು ಕುಡದು ಬಂದು, ಮನ್ಯಾಗ ಸೊಸಿ ಒಂದು ಗ್ಲಾಸು ಮುಟ್ಟಿದ್ರ ಮನಿತನ ಹೋತು ಅನ್ನೂ ಗಂಡಸರು ಅದಾರ. ನಾನು ಅವರ ಕಡೆ ಇಲ್ಲ. ಇಪ್ಪತ್ತೈದು ಮೂವತ್ತು ವಯಸ್ಸಿನ, ದುಡಿಯೂ ಹುಡುಗಿ ತಿಳಕೊಂಡು ತಗೊಂಡ್ರ ಅದು ಆಕಿ ವಿಚಾರ. ನನಗ ಇಷ್ಟ ಇಲ್ಲ ಅಂತ ಹೇಳೇನು, ಕೈ ಹಿಡಿಯೂದಿಲ್ಲ. ಆದ್ರ ತಿಳಕೊಂಡು ಅನ್ನೂ ಮಾತಿನ ಮ್ಯಾಲೆ ಎಲ್ಲಾ ನಿಂತೈತಿ. "ಹೆಣಮಕ್ಕಳಿಗೆ ಇದ ಛಲೋ, ಸಿಹಿ ಇರ್ತೈತಿ, ಗೊತ್ತಾಗೂದಿಲ್ಲ" ಅಂತ ಕೊಡೂದು ಸ್ವಾತಂತ್ರ್ಯ ಅಲ್ಲ, ಮೋಸ. ಗೊತ್ತಾಗೂದಿಲ್ಲ ಅನ್ನೂದನ್ನ ಗುಣ ಅಂತ ಹೇಳವರಿಂದ ನಮ್ಮ ಹೆಣಮಕ್ಕಳು ದೂರ ಇರಬೇಕು.

ಇನ್ನ ಕುಡೀಲಾರದವರ ಮರ್ಯಾದಿ. ಅವರಿಗೆ ಚಂದದ ಟ್ರೇ, ಇವರಿಗೆ ಕಾಗದದ ಕಪ್ಪಿನ್ಯಾಗ ಬಾಟ್ಲಿ ಕೋಲ್ಡ್ರಿಂಕ್ಸು. ಎಷ್ಟೋ ಮಂದಿ ಆ ಗ್ಲಾಸಿಗೆ ಕೈ ಹಾಕೂದು ಸೆರೆದ ಆಸೇಕ್ಕಲ್ಲ, ಅದರ ಚೆಂದಕ್ಕ. ಚೆಂದಾನ್ನ ಸೆರೆ ಇಲ್ಲದನೂ ಮಾಡಾಕ ಬರ್ತೈತಿ. ನಾನು ಮಾಡೂದು ಹಿಂಗ.

ನಮ್ಮ ಕಡೆ ಮನಿಗಳೊಳಗ ಚಾನ ಹೆಚ್ಚು, ಫಿಲ್ಟರು ಇರೂದಿಲ್ಲ. ಇನ್ಸ್ಟಂಟ್ ಕಾಫಿ ಪುಡಿ ನಡೀತೈತಿ. ಅರ್ಧ ವಾಟಗಾ ಬಿಸಿನೀರಿಗೆ ಎರಡು ಸಣ್ಣ ಚಮಚ ಕಾಫಿ ಪುಡಿ, ಆರು ದೊಡ್ಡ ಚಮಚ ಸಕ್ಕರಿ. ಪೂರಾ ಕರಗಬೇಕು, ಎಳಿ ಪಾಕ ಬ್ಯಾಡ. ಇದು ತಳದ ಪದರ. ಒಂದು ವಾಟಗಾ ಗಟ್ಟಿ ಹಾಲನ್ನ ಅರ್ಧಕ್ಕ ಇಳಿಯೂತನಕ ಕಾಯಿಸಿ, ಒಂದು ಸಣ್ಣ ಚಮಚ ಸಕ್ಕರಿ, ಯಾಲಕ್ಕಿ ಪುಡಿ ಹಾಕಿ ಸೋಸ್ರಿ. ಇದು ನಡುವಿನ ಪದರ. ಇದಕ್ಕ ಡಬ್ಬಿ ಕಂಡೆನ್ಸ್ಡ್ ಮಿಲ್ಕ್ ಹಾಕಬ್ಯಾಡ್ರಿ. ಅದರಾಗ ಸಕ್ಕರಿ ಭಾಳ, ಕಾಫಿಗಿಂತ ಭಾರಾಗಿ ತಳಕ್ಕ ಇಳೀತೈತಿ. ಮ್ಯಾಲಿನ ಪದರಕ್ಕ ಸಕ್ಕರಿ ಹಾಕದ ಥಂಡಿ ಕೆನಿ, ಸ್ವಲ್ಪ ಕಡದದ್ದು. ಬೆಣ್ಣಿ ಆಗೂಮಟ ಕಡೀಬಾರದು, ಚಮಚದಿಂದ ಹರಿಯುವಂಗ ಇರಬೇಕು.

ಮೂರೂನೂ ಫ್ರಿಜ್ಜಿನ್ಯಾಗ ಎರಡು ತಾಸು ಇಡ್ರಿ. ಗ್ಲಾಸಿಗೆ ಮೊದಲು ಕಾಫಿ. ಆಮ್ಯಾಲೆ ಚಮಚ ಬೋರಲ ಹಿಡದು, ಅದರ ತುದಿ ಗ್ಲಾಸಿನ ಗೋಡಿಗೆ ಹಚ್ಚಿ, ಚಮಚದ ಬೆನ್ನಿನ ಮ್ಯಾಲೆ ಹಾಲನ್ನ ಸಣ್ಣಾಗಿ ಬಿಡ್ರಿ. ಹಂಗ ಕೆನಿ. ಅವಸರ ಮಾಡಿದ್ರ ಕೂಡತಾವು. ಆರು ಸಣ್ಣ ಗ್ಲಾಸಿಗೆ ಸಾಕು. ಮಂದಿ ಬರೂ ಅರ್ಧ ತಾಸು ಮೊದಲು ಸುರವ್ರಿ, ಭಾಳ ಹೊತ್ತು ಇಟ್ರ ಪದರ ತಾವ ಕೂಡಾಕ ಹತ್ತತಾವು. ಸಣ್ಣ ಹುಡುಗೂರಿಗೆ ರಾತ್ರಿ ಕಾಫಿ ಬ್ಯಾಡ, ತಳಕ್ಕ ಕೋಕೋ ಪುಡಿ ಪಾಕ ಹಾಕ್ರಿ. ಶುಗರ್ ಇದ್ದವರಿಗೆ ಮಾತ್ರ ಇದೂ ಬ್ಯಾಡ, ತಳಾ ಎಲ್ಲಾ ಸಕ್ಕರಿನ.

ದ್ರಾಕ್ಷಿ ಸುಗ್ಗಿ ಇದ್ದಾಗ ಕಾಫಿ ಯಾಕ ಬೇಕು? ಪಾವು ಕಿಲೋ ಕರೀ ದ್ರಾಕ್ಷಿ, ನಾಲ್ಕು ದೊಡ್ಡ ಚಮಚ ಸಕ್ಕರಿ, ಸ್ವಲ್ಪ ನೀರು ಹಾಕಿ ಕುದಿಸಿ, ಹಿಚುಕಿ ಸೋಸಿ ಆರಸ್ರಿ. ಗ್ಲಾಸಿನ ಕಾಲು ಭಾಗ ಅದನ್ನ ಹಾಕಿ, ತುಂಬ ಬರ್ಫ ಇಟ್ಟು, ಬರ್ಫದ ಮ್ಯಾಲೆ ಸಕ್ಕರಿ ಇಲ್ಲದ ಇಂಡಿ ಲಿಂಬಿಹಣ್ಣಿನ ನೀರು ಸಾವಕಾಶ ಸುರವ್ರಿ. ತಳಕ್ಕ ಜಾಂಬಳಿ ಬಣ್ಣ, ಮ್ಯಾಲೆ ತಿಳಿ. ಇದರ ಹತ್ರ ಹಾಲು, ಕೆನಿ ತರಬ್ಯಾಡ್ರಿ, ಹುಳಿಗೆ ಒಡೀತಾವು.

ಕಡೀಕ ನಾಲ್ಕು ನೇಮ, ಯಾರ ಮನ್ಯಾಗ ಸೆರೆ ಇಡ್ತಾರೋ ಅವರಿಗೆ. ಒಂದು, ಸೆರೆದ ಗ್ಲಾಸು, ಸಾದಾ ಗ್ಲಾಸು ಒಂದ ಆಕಾರದ್ದು ಇರಬಾರದು, ಒಂದ ಟ್ರೇದಾಗಂತೂ ಬ್ಯಾಡ. ಎರಡು, ಟ್ರೇ ಹಿಡದು ತಿರಗಬ್ಯಾಡ್ರಿ. ಬ್ಯಾರೆ ಟೇಬಲ್ ಹಾಕ್ರಿ, ದೊಡ್ಡ ಮನಿಷ್ಯಾ ಒಬ್ಬ ನಿಂದ್ರಲಿ, ಬೇಕಾದವರು ಅಲ್ಲಿಗೆ ಹೋಗಿ ತಗೊಳ್ಳಿ. ಸಣ್ಣ ಹುಡುಗೂರು ಆ ಕಡೆ ಸುಳೀಬಾರದು. ಮೂರು, ಕೆಲವರು ಆ ಗ್ಲಾಸಿನ ಮ್ಯಾಲೆ ಬೆಂಕಿ ಹಚ್ಚಿ ಆಟಾ ತೋರಸ್ತಾರ. ರೇಷ್ಮಿ ಸೀರಿ ಸೆರಗು, ಹುಡುಗೂರ ಫ್ರಾಕು ಇರೂ ಮನ್ಯಾಗ ಅದು ಬ್ಯಾಡಂದ್ರ ಬ್ಯಾಡ. ನಾಲ್ಕು, ಒಬ್ಬರು ಬ್ಯಾಡ ಅಂದಮ್ಯಾಲೆ "ಒಂದ ಗುಟುಕ, ನಮ್ಮ ಸಲುವಾಗಿ" ಅಂತ ಹಟಾ ಮಾಡಬ್ಯಾಡ್ರಿ. ಹೋಳಿಗಿ ಇನ್ನೊಂದು ಹಾಕ್ಕೋರಿ ಅಂತ ಹಟಾ ಮಾಡೂದು ನಮ್ಮ ಪ್ರೀತಿ, ನಮ್ಮ ಕಡೆಯವರ ರೀತಿ. ಆ ರೀತಿ ಹೋಳಿಗಿ ತನಕ ಇರಲಿ.